ಸ್ತ್ರೀವೇಷಧಾರಿಯ ಮಾನ ಮತ್ತು ಕೂಲಿ

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಪತ್ತನಾಜೆಯ ತನಕ ಮಾಣಿಯ ಕೂಡುರಸ್ತೆಯಲ್ಲಿ ಆಟದ ಸುದ್ದಿಗೆ ಬರವಿಲ್ಲ. ಇಲ್ಲಿಂದ ಒಂದು ದಾರಿ ಉಪ್ಪಿನಂಗಡಿಯನ್ನು ದಾಟಿ ಘಟ್ಟ ಹತ್ತುತ್ತದೆ. ಇನ್ನೊಂದು ಪುತ್ತೂರಿನ ಮೇಲಾಗಿ ಮೈಸೂರಿಗೆ ಹೋಗುತ್ತದೆ. ಯಾವ ದಾರಿ ಹಿಡಿದರೂ ಎಲ್ಲಿಯಾದರೂ ಒಂದು ಗದ್ದೆಯಲ್ಲಿ, ಒಂದು ಶಾಲೆಯ ಬಯಲಿನಲ್ಲಿ ಚೆಂಡೆಯ ಸದ್ದು ಕೇಳದಿರುವ ರಾತ್ರಿ ಕಡಿಮೆ. ಮರುದಿನ ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಆಟದ ವಿಮರ್ಶೆ ನಡೆಯುತ್ತದೆ. ಭಾಗವತರ ಸ್ವರ ಹೇಗಿತ್ತು, ಬಣ್ಣದ ವೇಷದ ಅಬ್ಬರ ಹೇಗಿತ್ತು ಎಂಬ ಮಾತು ಮುಗಿದ ಮೇಲೆ ಖಂಡಿತ ಬರುವ ಮಾತು ಒಂದು: ಸ್ತ್ರೀವೇಷ ಹೇಗಿತ್ತು?

ಈ ಪ್ರಶ್ನೆಗೆ ನಮ್ಮ ಜನ ಕೊಡುವ ಉತ್ತರದಲ್ಲಿಯೇ ನಮ್ಮ ಸಮಾಜದ ಒಂದು ದೊಡ್ಡ ಎಡವಟ್ಟು ಅಡಗಿದೆ. ಅದನ್ನು ಈ ವಾರ ಓದುಗರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

'ಶ್ರೀದೇವಿ ಮಹಾತ್ಮೆ' ಆಟವನ್ನು ನೋಡದವರು ಈ ಸೀಮೆಯಲ್ಲಿ ಇರಲಾರರು. ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಸಭೆಯ ನಡುವಿನಿಂದ ನುಗ್ಗಿ ಬರುತ್ತಾನೆ. ದೇವಿ ಉಯ್ಯಾಲೆಯಲ್ಲಿ ಕೂರುತ್ತಾಳೆ. ಆಗ ಎದುರಿಗಿದ್ದ ಮುದುಕಿಯರಿಂದ ಹಿಡಿದು ಹರಕೆ ಹೊತ್ತ ಮನೆಯ ಯಜಮಾನರ ತನಕ ಎಲ್ಲರೂ ಎದ್ದು ಕೈ ಮುಗಿಯುತ್ತಾರೆ. ಕೈ ಮುಗಿಸಿಕೊಂಡವನು ಯಾರು? ಹತ್ತಿರದ ಯಾವುದೋ ಊರಿನ ಬಡ ಒಕ್ಕಲ ಮಗನೋ ಕೂಲಿಯವರ ಮಗನೋ ಆಗಿರುವ ಒಬ್ಬ ಗಂಡಸು. ಸಂಜೆ ಚೌಕಿಯಲ್ಲಿ ಕನ್ನಡಿಯ ಎದುರು ಕೂತು, ತನ್ನ ಕೈಯಿಂದಲೇ ತನ್ನ ಮುಖಕ್ಕೆ ಬಣ್ಣ ಹಚ್ಚಿ, ಕಾಡಿಗೆ ತೀಡಿ, ಸೀರೆಯುಟ್ಟು, ಜಡೆ ಕಟ್ಟಿಕೊಂಡು ರಂಗಸ್ಥಳಕ್ಕೆ ಬಂದವನು. ಬೆಳಗಾದ ಮೇಲೆ ಅದೇ ಮನುಷ್ಯ ಬಣ್ಣ ತೊಳೆದು, ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತುತ್ತಾನೆ. ಆಗ ಅವನ ಬೆನ್ನ ಹಿಂದೆ 'ಹೆಣ್ಣಿಗ' ಎಂಬ ಪಿಸುಮಾತು. ಅವನ ನಡಿಗೆಯನ್ನು ಅಣಕಿಸುವ ನಗು. ರಾತ್ರಿ ಕೈ ಮುಗಿದ ಊರೇ ಹಗಲು ಹೀಗೆ ನಗುತ್ತದೆ. ಇದನ್ನು ಅಭಿಮಾನವೆಂದು ಕರೆಯಲು ನಮಗೆ ನಾಲಗೆ ಬಾರದು.

ಮೊದಲಿಗೆ ಈ ವೇಷದ ದುಡಿಮೆ ಎಂಥದು ಎಂಬುದನ್ನು ತಿಳಿಯಬೇಕು. ಸ್ತ್ರೀವೇಷವೆಂದರೆ ಸೀರೆಯುಟ್ಟು ನಾಲ್ಕು ಹೆಜ್ಜೆ ಹಾಕುವುದೆಂದು ತಿಳಿದವರಿದ್ದಾರೆ. ಪೂರ್ವರಂಗದ ಪೀಠಿಕಾ ಸ್ತ್ರೀವೇಷದಿಂದ ಆರಂಭಿಸಿದ ಹುಡುಗ ವರ್ಷಗಟ್ಟಲೆ ತಾಳ ಕಲಿಯಬೇಕು. ಮೇನಕೆಯ ಶೃಂಗಾರಕ್ಕೊಂದು ಹೆಜ್ಜೆ, ದಮಯಂತಿಯ ಗರತಿತನಕ್ಕೊಂದು ನಡಿಗೆ, ಪ್ರಮೀಳೆಯ ವೀರಕ್ಕೆ ಬೇರೆಯೇ ಒಂದು ಬಿರುಸು ಎಂಬುದನ್ನು ಮೈಗೆ ಹತ್ತಿಸಿಕೊಳ್ಳಬೇಕು. ಬರೆದುಕೊಟ್ಟ ಮಾತು ಇಲ್ಲ. ಭಾಗವತರು ಪದ ಹಾಡಿದ ಕೂಡಲೇ ಅರ್ಥವನ್ನು ತಾನೇ ಕಟ್ಟಿ ಹೇಳಬೇಕು. ಕೌರವನ ಸಭೆಯಲ್ಲಿ ನಿಂತ ದ್ರೌಪದಿಯ ಪ್ರಶ್ನೆಯನ್ನು ಹೆಣ್ಣಿನ ನೋವು ತಿಳಿಯದವನು ಕೇಳಲಾರ. ಕೋಳ್ಯೂರು ರಾಮಚಂದ್ರ ರಾಯರು, ಪಾತಾಳ ವೆಂಕಟರಮಣ ಭಟ್ಟರು, ಕೊಕ್ಕಡ ಈಶ್ವರ ಭಟ್ಟರು ತೆಂಕುತಿಟ್ಟಿನಲ್ಲಿ ಸ್ತ್ರೀವೇಷವನ್ನು ಯಾವ ಎತ್ತರಕ್ಕೆ ಒಯ್ದರೆಂಬುದನ್ನು ಹಿರಿಯ ಪ್ರೇಕ್ಷಕರು ಇಂದಿಗೂ ಮೈಯುಬ್ಬಿ ಹೇಳುತ್ತಾರೆ. ಬಡಗಿನ ಮಂಟಪ ಪ್ರಭಾಕರ ಉಪಾಧ್ಯಾಯರು 'ಭಾಮಿನಿ' ಎಂಬ ಏಕವ್ಯಕ್ತಿ ಪ್ರದರ್ಶನದಲ್ಲಿ ಒಬ್ಬರೇ ರಂಗವನ್ನು ತುಂಬಿದವರು. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಗ್ರಂಥಕ್ಕೆ ವಸ್ತುವಾದ ಕಲೆಯಲ್ಲಿ ಇಂಥವರ ಬೆವರೂ ಇದೆ.

ಗಂಡಸು ಹೆಣ್ಣಾಗಿ ಕುಣಿಯುವುದು ನಮ್ಮ ಕರಾವಳಿಯ ವಿಚಿತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಜಪಾನಿನಲ್ಲಿ 1629ರಲ್ಲಿ ಹೆಂಗಸರನ್ನು ರಂಗದಿಂದ ಹೊರಗಿಟ್ಟ ಮೇಲೆ ಕಬುಕಿ ನಾಟಕದ ಹೆಣ್ಣುಪಾತ್ರ ಗಂಡಸರ ಪಾಲಿಗೆ ಬಂತು. ಚೀನದ ಮೇ ಲಾನ್‌ಫಾಂಗ್ ಹೆಣ್ಣುಪಾತ್ರಗಳಿಂದಲೇ ಜಗತ್ತಿನ ಕೀರ್ತಿ ಪಡೆದರು. ಮರಾಠಿ ರಂಗಭೂಮಿಯ ಬಾಲಗಂಧರ್ವರ ಸೀರೆಯ ರೀತಿ, ಮೂಗುತಿಯ ರೀತಿ ನೋಡಿ ದೊಡ್ಡ ಮನೆಗಳ ಹೆಂಗಸರು ತಾವೂ ಹಾಗೆಯೇ ಉಡತೊಡಗಿದರು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1983ರಲ್ಲಿ ಹೆಣ್ಣುವೇಷದ ಕಲಾವಿದರ ಬದುಕನ್ನೇ ಕಥೆಯಾಗಿ ಮಾಡಿಕೊಂಡ ಸಂಗೀತ ನಾಟಕ ಬಂದು ಜನ ಮುಗಿಬಿದ್ದು ನೋಡಿದರು. ಅದೇ ಅಮೆರಿಕದ ಟೆನೆಸ್ಸೀ ರಾಜ್ಯ 2023ರಲ್ಲಿ ಇಂಥ ಪ್ರದರ್ಶನಗಳಿಗೆ ಕಡಿವಾಣ ಹಾಕುವ ಕಾನೂನು ಮಾಡಿತು. ನೋಡುವಾಗ ಚಪ್ಪಾಳೆ, ನೋಡಿದ ಮೇಲೆ ತಿರಸ್ಕಾರ ಎಂಬ ರೋಗ ನಮ್ಮ ಊರಿನದು ಮಾತ್ರವಲ್ಲವೆಂದಾಯಿತು.

ಇನ್ನು ನಮ್ಮ ಅಭಿಮಾನಿಗಳ ಮಾತಿಗೆ ಬರೋಣ. ಅವರಲ್ಲಿ ಹಲವು ಬಗೆಯವರಿದ್ದಾರೆ. ಹೆಜ್ಜೆ ತಪ್ಪಿದರೆ ಕೂತಲ್ಲಿಂದಲೇ ಹಿಡಿಯಬಲ್ಲ ಹಿರಿಯರಿದ್ದಾರೆ. ಇಂಥವರ ಹೆದರಿಕೆಯಿಂದಲೇ ಕಲೆಯ ಮಟ್ಟ ಉಳಿದಿದೆ. ತಮ್ಮ ಮೆಚ್ಚಿನ ಕಲಾವಿದ ಇದ್ದ ಮೇಳವನ್ನು ಊರಿಂದೂರಿಗೆ ಬೈಕಿನಲ್ಲಿ ಹಿಂಬಾಲಿಸುವ ತರುಣರಿದ್ದಾರೆ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಸೀತೆಯ ಮಾತಿಗೆ ಕಣ್ಣೊರೆಸಿಕೊಳ್ಳುವ ತಾಯಂದಿರಿದ್ದಾರೆ. ಇವರೆಲ್ಲರಿಗೂ ನಮ್ಮ ಗೌರವವಿದೆ. ಆದರೆ ಇನ್ನೊಂದು ಬಗೆಯೂ ಇದೆ. ಹಾಸ್ಯಗಾರ ಸ್ತ್ರೀವೇಷದ ಮೈ ಮುಟ್ಟಿ ಚೇಷ್ಟೆಯ ಮಾತಾಡಿದಾಗ ಸಿಳ್ಳೆ ಹೊಡೆಯುವವರು ಇವರು. ಚೌಕಿಯ ತನಕ ನುಗ್ಗಿ, ಬಣ್ಣ ತೆಗೆಯುತ್ತಿರುವವನ ಹೆಗಲ ಮೇಲೆ ಕೈ ಹಾಕಿ ಮೊಬೈಲಿನಲ್ಲಿ ಪಟ ಹಿಡಿಯುವವರೂ ಇವರೇ. ಆ ಪಟದ ಕೆಳಗೆ ಹೊಲಸು ಬರೆಯುವವರೂ ಇವರೇ. ತಾವು ಕಲೆಯ ಭಕ್ತರೆಂದೇ ಇವರೆಲ್ಲ ತಿಳಿದಿದ್ದಾರೆ.

ಈ ನಗುವಿನ ಬುಡವೆಲ್ಲಿದೆ? ನಾವು ಮೇಷ್ಟರ ಹಾಗೆ ಒಂದೊಂದೇ ಮೆಟ್ಟಿಲಾಗಿ ಕೇಳುತ್ತೇವೆ. ಅರ್ಜುನನ ವೇಷ ಹಾಕಿದವನನ್ನು ಹಗಲು ಯಾರೂ ಅಣಕಿಸುವುದಿಲ್ಲ. ರಾವಣನ ವೇಷದವನನ್ನು ರಾಕ್ಷಸನೆಂದು ಕರೆಯುವುದಿಲ್ಲ. ಹೆಣ್ಣಿನ ವೇಷ ಹಾಕಿದವನನ್ನು ಮಾತ್ರ ಅಣಕಿಸುತ್ತಾರೆ. ಹಾಗಾದರೆ ತಪ್ಪು ವೇಷ ಹಾಕಿದ್ದರಲ್ಲಿಲ್ಲ, ಹೆಣ್ಣಾದುದರಲ್ಲಿ ಎಂದಾಯಿತು. ಗಂಡಸಿಗೆ ಹೆಣ್ಣೆನ್ನುವುದೇ ಬೈಗುಳವಾದರೆ, ಆ ಬೈಗುಳ ಬೀಳುವುದು ನಮ್ಮ ತಾಯಿ, ತಂಗಿ, ಹೆಂಡತಿಯ ಮೇಲೆ. ರಾಮಮನೋಹರ ಲೋಹಿಯಾ ಅವರು ಹೇಳಿದ ಏಳು ಕ್ರಾಂತಿಗಳಲ್ಲಿ ಗಂಡುಹೆಣ್ಣಿನ ಸಮಾನತೆಯೂ ಒಂದು. ಗಂಡನ ನೆರಳಾಗಿ ನಡೆದ ಸಾವಿತ್ರಿಗಿಂತ ಸಭೆಯನ್ನು ಪ್ರಶ್ನಿಸಿದ ದ್ರೌಪದಿಯನ್ನು ಅವರು ಮೇಲೆಂದರು. ದ್ರೌಪದಿಯ ವೇಷಕ್ಕೆ ತಲೆದೂಗಿ, ಆ ವೇಷ ಹಾಕಿದವನನ್ನು ಹೆಣ್ಣಿಗನೆಂದು ನಗುವ ಊರಿಗೆ ದ್ರೌಪದಿಯ ಪ್ರಶ್ನೆ ಇನ್ನೂ ಅರ್ಥವಾಗಿಲ್ಲ.

2025ರ ನವೆಂಬರಿನಲ್ಲಿ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಡಾ. ಪುರುಷೋತ್ತಮ ಬಿಳಿಮಲೆಯವರು ಮೈಸೂರಿನ ಒಂದು ಸಭೆಯಲ್ಲಿ ಯಕ್ಷಗಾನದ ಬಗ್ಗೆ ಮಾತನಾಡಿದರು. ತಿಂಗಳುಗಟ್ಟಲೆ ಮನೆ ಬಿಟ್ಟು ತಿರುಗುತ್ತಿದ್ದ ಮೇಳಗಳ ಕಲಾವಿದರಲ್ಲಿ ಹೆಚ್ಚಿನವರಿಗೆ ಸಲಿಂಗ ಸಂಬಂಧವಿತ್ತು, ಸ್ತ್ರೀವೇಷಧಾರಿಗಳ ಮೇಲೆ ಒತ್ತಡವಿರುತ್ತಿತ್ತು ಎಂಬುದು ಅವರ ಮಾತಿನ ಸಾರ. ಅವರು ನಮ್ಮ ಜಿಲ್ಲೆಯವರೇ, ಜಾನಪದವನ್ನು ಓದಿ ಬಲ್ಲವರು. ಮಾತು ಹೊರಬಿದ್ದ ಕೂಡಲೇ ಕರಾವಳಿಯಲ್ಲಿ ಬೆಂಕಿ ಹತ್ತಿತು. ಕಲಾವಿದರು ನೊಂದರು. ಅಭಿಮಾನಿಗಳು ಕೆರಳಿದರು. ಕ್ಷಮೆ ಕೇಳಬೇಕೆಂದು ಒತ್ತಾಯ ಬಂತು. ರಾಜಕೀಯ ಪಕ್ಷಗಳು ಸಿಕ್ಕಿದ ಅವಕಾಶವನ್ನು ಬಿಡಲಿಲ್ಲ.

ಈ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟವಾಗಿದೆ. ಸಾವಿರಾರು ಕುಟುಂಬಗಳ ದುಡಿಮೆಯ ಒಂದು ಕ್ಷೇತ್ರವನ್ನು ಒಂದೇ ಮಾತಿನಲ್ಲಿ ಹೀಗೆಂದು ಅಳೆದು ಮುಗಿಸುವುದು ಸರಿಯಲ್ಲ. ಕಲಾವಿದನ ಹೆಂಡತಿ ಮಕ್ಕಳು ಮರುದಿನ ಊರಿನ ಎದುರು ನಡೆಯಬೇಕಾದವರು. ಅವರು ನೊಂದುದು ಸಹಜ. ಆದರೆ ಗದ್ದಲದ ನಡುವೆ ಎರಡು ಸಂಗತಿಗಳು ಕಲಸಿಹೋದವು. ಮೊದಲನೆಯದು, ಇಬ್ಬರು ಪ್ರಾಯಪ್ರಬುದ್ಧರು ಒಪ್ಪಿ ನಡೆಸುವ ಸಂಬಂಧ. ಇದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಇದರಲ್ಲಿ ಊರಿನ ಮಾನ ಹೋಗುವಂಥದು ಏನೂ ಇಲ್ಲ. ಊರಿಗೆ ಇದರಲ್ಲಿ ಕೆಲಸವೂ ಇಲ್ಲ. ಎರಡನೆಯದು, ಒತ್ತಾಯ. ಪಾತ್ರ ಹಂಚುವವನ, ಸಂಬಳ ಕೊಡುವವನ, ಹಣ ಕೊಟ್ಟು ಆಟ ಆಡಿಸುವವನ ದರ್ಪಕ್ಕೆ ಒಬ್ಬ ಹದಿಹರೆಯದ ಹುಡುಗ ಮಣಿಯಬೇಕಾಗಿ ಬಂದರೆ ಅದು ದೌರ್ಜನ್ಯ. ಮೊದಲನೆಯದನ್ನು ಅಪಮಾನವೆಂದು ಕೂಗಿದವರು ಎರಡನೆಯದರ ಬಗ್ಗೆ ಬಾಯಿ ಬಿಡಲಿಲ್ಲ. ಅಂಥದು ನಮ್ಮಲ್ಲಿಲ್ಲವೆಂದು ಆಣೆ ಹಾಕಿದವರು, ಒಂದು ವೇಳೆ ನಡೆದರೆ ಆ ಹುಡುಗ ಯಾರಲ್ಲಿ ದೂರು ಹೇಳಬೇಕೆಂಬುದಕ್ಕೆ ಉತ್ತರ ಕೊಡಲಿಲ್ಲ.

ಕಾನೂನಿನ ಪುಸ್ತಕ ತೆರೆದು ನೋಡಿದರೆ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಹುಡುಗ ಹದಿನೆಂಟರ ಒಳಗಿನವನಾದರೆ 2012ರ ಪೋಕ್ಸೊ ಕಾನೂನು ಗಂಡು ಹೆಣ್ಣೆನ್ನದೆ ಅವನನ್ನು ಕಾಯುತ್ತದೆ. ಹದಿನೆಂಟು ದಾಟಿತೋ, ಅವನ ಗತಿ ಬೇರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾನೂನು ಹೆಂಗಸರಿಗೆ ಮಾತ್ರ. ಅತ್ಯಾಚಾರದ ಕಲಮೂ ಹಾಗೆಯೇ. ಹಳೆಯ ದಂಡಸಂಹಿತೆಯ 377ನೆಯ ಕಲಮಿನಲ್ಲಿ, ಒಪ್ಪಿಗೆಯಿಲ್ಲದೆ ನಡೆದ ಕೃತ್ಯಕ್ಕೆ ಶಿಕ್ಷೆ ಕೊಡುವ ಭಾಗವನ್ನು 2018ರ ತೀರ್ಪು ಉಳಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಪ್ರಾಯಕ್ಕೆ ಬಂದ ಗಂಡಸಿನ ಮೇಲೆ ಇಂಥ ದೌರ್ಜನ್ಯವಾದರೆ ಹೊಡೆತ, ಬೆದರಿಕೆಗಳ ಸಾಮಾನ್ಯ ಕಲಮುಗಳನ್ನೇ ಹಿಡಿದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕು. ಹತ್ತಿದರೆ ಅಲ್ಲಿಯೂ ಅದೇ ನಗು ಅವನನ್ನು ಎದುರುಗೊಂಡರೆ ಆಶ್ಚರ್ಯವಿಲ್ಲ. ಪಾಂಚಾಲಿಯ ಸೀರೆ ಎಳೆಯುವಾಗ ಅಯ್ಯೋ ಎನ್ನುವ ಸಭೆ ಈ ಕಾನೂನಿನ ಕೊರತೆಯ ಬಗ್ಗೆ ಒಂದು ಠರಾವನ್ನಾದರೂ ಮಾಡಿತೆ?

ಮಾನದ ಹಿಂದೆಯೇ ಕೂಲಿಯ ಪ್ರಶ್ನೆ ಇದೆ. ಎರಡನ್ನೂ ಬೇರೆ ಬೇರೆಯಾಗಿ ನೋಡುವವರು ಬಡವನ ಬದುಕನ್ನು ತಿಳಿದವರಲ್ಲ. ಹೊಟ್ಟೆಯ ಹಗ್ಗ ಇನ್ನೊಬ್ಬನ ಕೈಯಲ್ಲಿದ್ದಾಗ ಒಲ್ಲೆ ಎನ್ನುವ ಧೈರ್ಯ ಬರುವುದಿಲ್ಲ. ಮೇಳದ ತಿರುಗಾಟ ಆರೇಳು ತಿಂಗಳು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಸಂಬಳವಿಲ್ಲ. ಕೆಲವರು ಚಿಕ್ಕಮೇಳ ಕಟ್ಟಿ ಸಂಜೆ ಮನೆಮನೆಗೆ ಹೋಗುತ್ತಾರೆ. ದೀಪದ ಎದುರು ಒಂದು ಗಂಡುವೇಷ, ಒಂದು ಹೆಣ್ಣುವೇಷ ಸ್ವಲ್ಪ ಹೊತ್ತು ಕುಣಿದು, ಮನೆಯವರು ತಟ್ಟೆಯಲ್ಲಿಟ್ಟುದನ್ನು ತೆಗೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಉಳಿದವರು ಅಡಿಕೆ ತೋಟದ ಕೆಲಸಕ್ಕೋ, ಹೋಟೆಲಿಗೋ, ರಿಕ್ಷಾ ಓಡಿಸಲಿಕ್ಕೋ ಹೋಗುತ್ತಾರೆ. ಸ್ತ್ರೀವೇಷಧಾರಿಗೆ ಇನ್ನೊಂದು ಕಷ್ಟ ಹೆಚ್ಚಿಗೆ. ರಾಜವೇಷದವನು ಪ್ರಾಯವಾದಷ್ಟೂ ಹಿರಿಯನಾಗುತ್ತಾನೆ. ಹೆಣ್ಣುವೇಷದವನ ಮುಖದಲ್ಲಿ ಗೆರೆ ಮೂಡಿ, ದನಿ ಗಡುಸಾಯಿತೆಂದರೆ ನಿನ್ನೆ ನೋಟಿನ ಹಾರ ಹಾಕಿದವರೇ ಇಂದು ಹೊಸಬನನ್ನು ಹುಡುಕುತ್ತಾರೆ. ಬಾಲಗಂಧರ್ವರಂಥವರಿಗೇ ಇದು ತಪ್ಪಲಿಲ್ಲ. ಅವರ ನಾಟಕ ಮಂಡಳಿ ಸಾಲದಲ್ಲಿ ಮುಳುಗಿತು. 1964ರಲ್ಲಿ ಪದ್ಮಭೂಷಣ ಬಂತು. 1967ರಲ್ಲಿ ತೀರಿಕೊಳ್ಳುವ ಮೊದಲಿನ ಅವರ ಕೊನೆಯ ವರ್ಷಗಳು ಕಷ್ಟದಲ್ಲಿಯೇ ಕಳೆದವು.

ಇದಕ್ಕೆ ಮದ್ದಿಲ್ಲವೆಂದು ಹೇಳಬೇಡಿ. ನಮ್ಮ ಬಂಟ್ವಾಳ ತಾಲೂಕಿನ ಮನೆಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಒಂದು ಕಾಲದಲ್ಲಿ ಯಾರೂ ಕಾರ್ಮಿಕರೆಂದು ಕರೆಯಲಿಲ್ಲ. ಮನೆಯಲ್ಲಿ ಕೂತು ಮಾಡುವುದು ಕೆಲಸವೇ ಅಲ್ಲವೆಂದು ಮಾಲಕರು ವಾದಿಸಿದರು. ಹೋರಾಟ ನಡೆಯಿತು, 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕಾನೂನು ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾನೂನು ಬಂತು. ಸಿನಿಮಾದಲ್ಲಿ ಗುಂಪಿನ ನಡುವೆ ಕುಣಿಯುವವರಿಗೂ 1981ರಲ್ಲಿ ಕಲ್ಯಾಣ ನಿಧಿ ಸಿಕ್ಕಿತು. ಇಡೀ ರಾತ್ರಿ ಕುಣಿಯುವ ಮೇಳದವನಿಗೆ ಮಾತ್ರ ಅಂದು ಏನೂ ಸಿಗಲಿಲ್ಲ. ಏಕೆಂದರೆ ಅವನ ಕೆಲಸವನ್ನು ಸೇವೆಯೆಂದು ಕರೆದು, ಸೇವೆಗೆ ಲೆಕ್ಕ ಕೇಳಬಾರದೆಂದು ಬಾಯಿ ಮುಚ್ಚಿಸಿದೆವು.

2024ರಲ್ಲಿ ಕರ್ನಾಟಕದ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಒಂದು ಕಾನೂನನ್ನು ಅಂಗೀಕರಿಸಿದೆ. ಸಿನಿಮಾ ಟಿಕೆಟಿನ ಮೇಲೆ ಸುಂಕ ಎತ್ತಿ, ಕಲ್ಯಾಣ ಮಂಡಳಿಯ ಮೂಲಕ ಕಲಾವಿದರಿಗೆ ಸಾಮಾಜಿಕ ಭದ್ರತೆ ಕೊಡುವುದು ಅದರ ಉದ್ದೇಶ. ಈ ಬಾಗಿಲಿನಿಂದ ಯಕ್ಷಗಾನ ಮೇಳಗಳ ಪ್ರತಿಯೊಬ್ಬ ಕಲಾವಿದನೂ, ಚೌಕಿಯ ಕೆಲಸದವನೂ ಒಳಗೆ ಹೋಗಬೇಕು. ಉಡುಪಿಯ ಯಕ್ಷಗಾನ ಕಲಾರಂಗ, ಯಕ್ಷಧ್ರುವ ಪಟ್ಲ ಫೌಂಡೇಶನ್ ಮೊದಲಾದ ಸಂಸ್ಥೆಗಳು ಅಭಿಮಾನಿಗಳ ಹಣದಿಂದ ಕಲಾವಿದರಿಗೆ ಮನೆ ಕಟ್ಟಿಸಿವೆ, ಕಾಯಿಲೆಗೆ ನೆರವಾಗಿವೆ. ಅವರ ಕೆಲಸವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಅಭಿಮಾನವನ್ನು ಸಂಘಟಿಸಿದರೆ ಎಂಥ ಶಕ್ತಿಯಾಗುತ್ತದೆಂಬುದಕ್ಕೆ ಅವೇ ಸಾಕ್ಷಿ. ಆದರೂ ದಾನಿಯ ಮನಸ್ಸು ಇದ್ದಷ್ಟು ದಿನ ಮಾತ್ರ ದಾನ. ಹಕ್ಕಾದರೆ ಅದು ಯಾರ ಮನಸ್ಸನ್ನೂ ಕಾಯಬೇಕಾಗಿಲ್ಲ.

ಕೆಲವರು ಕೇಳಬಹುದು: ಆಟ ದೇವರ ಸೇವೆ, ಅದರಲ್ಲಿ ಸಂಬಳ, ಸಂಘ, ದೂರು ಎಂದು ತಂದರೆ ಪಾವಿತ್ರ್ಯ ಕೆಡುವುದಿಲ್ಲವೆ? ನಾವು ತಿರುಗಿ ಕೇಳುತ್ತೇವೆ: ಸೇವೆಯಾಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುವ ಭಕ್ತ ಮೇಳಕ್ಕೆ ವೀಳ್ಯ ಕೊಡುತ್ತಾನೆ, ಚಪ್ಪರದವನಿಗೆ, ಮೈಕಿನವನಿಗೆ, ಅಡಿಗೆಯವನಿಗೆ ಲೆಕ್ಕ ಹಾಕಿ ಹಣ ಕೊಡುತ್ತಾನೆ. ಅವುಗಳಿಂದ ಕೆಡದ ಪಾವಿತ್ರ್ಯ ದೇವಿಯ ವೇಷದವನ ಭವಿಷ್ಯನಿಧಿಯಿಂದ ಕೆಡುತ್ತದೆಯೆ? ಇನ್ನು ಕೆಲವರು, ಹೆಂಗಸರೇ ರಂಗಕ್ಕೆ ಬಂದಿದ್ದಾರೆ, ಗಂಡಸರಿಗೆ ಈ ವೇಷ ಯಾಕೆ ಎನ್ನುತ್ತಾರೆ. ಹೆಂಗಸರು ಬರಲಿ, ಇನ್ನೂ ಹೆಚ್ಚು ಬರಲಿ. ಲೀಲಾವತಿ ಬೈಪಡಿತ್ತಾಯರು ಗಂಡಸರದೇ ಎಂದಿದ್ದ ಭಾಗವತಿಕೆಯಲ್ಲಿ ವೃತ್ತಿಮೇಳದ ಜಾಗಟೆ ಹಿಡಿದರು. ಅದರಿಂದ ಕಲೆ ಬೆಳೆಯಿತು. ಹೆಣ್ಣು ಭಾಗವತಿಕೆ ಮಾಡುವುದೂ ಗಂಡು ದಮಯಂತಿಯಾಗುವುದೂ ಒಂದೇ ಸ್ವಾತಂತ್ರ್ಯದ ಎರಡು ಮುಖ. ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟುವುದು ಮಾಲಕರ ಹಳೆಯ ಉಪಾಯ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೇಳದ ಪ್ರತಿಯೊಬ್ಬ ಕಲಾವಿದನಿಗೂ ತಿರುಗಾಟದ ಆರಂಭದಲ್ಲಿಯೇ ಸಂಬಳ, ರಜೆ, ಕಾಯಿಲೆಯ ಖರ್ಚುಗಳನ್ನು ಬರೆದ ಒಪ್ಪಂದಪತ್ರ ಕೊಡಬೇಕು. ಮಳೆಗಾಲದ ತಿಂಗಳುಗಳಿಗೆ ಕಲ್ಯಾಣ ಮಂಡಳಿಯಿಂದ ಭತ್ತೆ ಸಿಗಬೇಕು. ಪ್ರತಿ ಮೇಳದಲ್ಲಿಯೂ ದೂರು ಕೇಳುವ ಸಮಿತಿಯಿರಬೇಕು. ಅದರಲ್ಲಿ ಮೇಳಕ್ಕೆ ಸೇರದ ಒಬ್ಬರಾದರೂ ಇರಬೇಕು. ಹದಿನೆಂಟರ ಒಳಗಿನ ಹುಡುಗರು ಮೇಳದಲ್ಲಿದ್ದರೆ ಅವರ ಮಲಗುವ ಜಾಗಕ್ಕೆ, ಪ್ರಯಾಣಕ್ಕೆ, ಓದಿಗೆ ಒಬ್ಬ ಹೊಣೆಗಾರನ ಹೆಸರು ಬರೆದಿಡಬೇಕು. ಕಿರುಕುಳ ತಡೆಯ ಕಾನೂನನ್ನು ಎಲ್ಲ ದುಡಿಮೆಗಾರರಿಗೂ ವಿಸ್ತರಿಸಬೇಕು. ನ್ಯಾಯ ಸಂಹಿತೆಯಲ್ಲಿ ಬಿಟ್ಟುಹೋದ ರಕ್ಷಣೆಯನ್ನು ಸಂಸತ್ತು ಮರಳಿ ಸೇರಿಸಬೇಕು. ವೇಷ ಬಿಟ್ಟ ಹಿರಿಯ ಕಲಾವಿದರ ಮಾಸಾಶನಕ್ಕೆ ಕಚೇರಿಯಿಂದ ಕಚೇರಿಗೆ ಅಲೆದಾಡಿಸುವುದು ನಿಲ್ಲಬೇಕು.

ಸರಕಾರದ ಬಾಗಿಲು ತಟ್ಟುವ ಕೆಲಸ ನಮ್ಮ ಪಕ್ಷದ್ದು. ಅದನ್ನು ನಾವು ಮಾಡುತ್ತೇವೆ. ಆದರೆ ಅಭಿಮಾನಿಗಳ ಕೈಯಲ್ಲಿರುವ ಶಕ್ತಿ ಯಾವ ಪಕ್ಷದ ಕೈಯಲ್ಲಿಯೂ ಇಲ್ಲ. ಆಟ ಆಡಿಸುವವರು ವೀಳ್ಯ ಕೊಡುವಾಗ ಮೇಳದ ಯಜಮಾನರಲ್ಲಿ ಒಂದು ಮಾತು ಕೇಳಲಿ: ಸ್ವಾಮಿ, ನಿಮ್ಮ ಕಲಾವಿದರಿಗೆ ವಿಮೆ ಇದೆಯೆ, ಭವಿಷ್ಯನಿಧಿ ಇದೆಯೆ, ದೂರು ಹೇಳಲು ಜಾಗ ಇದೆಯೆ? ಒಬ್ಬ ಕೇಳಿದರೆ ಕೊಂಕು ಎಂದಾರು. ಒಂದು ತಿರುಗಾಟದಲ್ಲಿ ನೂರು ಮನೆಯವರು ಕೇಳಿದರೆ ಯಾವ ಯಜಮಾನನೂ ಉತ್ತರ ಕೊಡದೆ ಇರಲಾರ. ಸಿಳ್ಳೆ ಹೊಡೆಯುವ ತರುಣರು ಚೇಷ್ಟೆಯ ಮಾತಿಗೆ ಸಿಳ್ಳೆ ಹೊಡೆಯದೆ ಕೂರಲಿ. ಹಾಸ್ಯಗಾರ ಮರುದಿನ ಆ ಮಾತನ್ನು ತಾನಾಗಿಯೇ ಬಿಡುತ್ತಾನೆ. ಚೌಕಿಗೆ ಕಾಲಿಡುವ ಮೊದಲು ಒಪ್ಪಿಗೆ ಕೇಳುವುದನ್ನು ಕಲಿಯಲಿ. ಬಸ್ಸಿನಲ್ಲಿ ಯಾರಾದರೂ 'ಹೆಣ್ಣಿಗ' ಎಂದರೆ ಪಕ್ಕದಲ್ಲಿ ಕೂತವರು ಸುಮ್ಮನಿರದೆ, ಹೌದಪ್ಪಾ, ನಿನ್ನೆ ರಾತ್ರಿ ನೀನು ಕೈ ಮುಗಿದದ್ದು ಇವರಿಗೇ ಎಂದು ಹೇಳಲಿ.

ಈ ತಿರುಗಾಟದಲ್ಲಿ ಮಾಣಿ, ಕಲ್ಲಡ್ಕ, ವಿಟ್ಲದ ಆಸುಪಾಸಿನಲ್ಲಿ ಆಟ ಆಡಿಸುವ ಎಲ್ಲ ಮನೆಗಳಿಗೂ, ಯುವಕ ಮಂಡಲಗಳಿಗೂ ನಮ್ಮ ಕಾರ್ಯಕರ್ತರು ಈ ಪ್ರಶ್ನೆಗಳನ್ನು ಹೊತ್ತು ಬರಲಿದ್ದಾರೆ. ಅವರನ್ನು ಚಾಪೆ ಹಾಸಿ ಕೂರಿಸಿ. ಕಲಾವಿದರ ಪರವಾಗಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಮನವಿಗೆ ನಿಮ್ಮ ರುಜು ಹಾಕಿ. ಚಪ್ಪಾಳೆ ತಟ್ಟಿದ ಕೈಗೆ ರುಜು ಹಾಕುವುದು ಭಾರವಾಗಬಾರದು.